ಹನ್ನೊಂದನೆಯ ಕರಡು

ಓಹಾಯೋದ ಮಾರೆನ್ ತನ್ನ ಮೆಚ್ಚಿನ ಮೆಡಿಕಲ್ ಕಾಲೇಜಿನ ಕಾಯುವ ಪಟ್ಟಿಯಲ್ಲಿದ್ದಳು. 'ಸೀಟು ಕೊಟ್ಟರೆ ಉಳಿದ ಕಾಲೇಜುಗಳನ್ನೆಲ್ಲ ಬಿಟ್ಟು ನಿಮ್ಮಲ್ಲಿಗೇ ಬರುತ್ತೇನೆ' ಎಂದು ಅವರಿಗೆ ಮಾತು ಕೊಡುವ ಕಾಗದವನ್ನು ಹನ್ನೊಂದನೆಯ ಸಲ ತಿದ್ದುತ್ತಿದ್ದಳು.

"ನಿಮ್ಮಜ್ಜಿ ಹತ್ರಾನೂ ನಾನು ಇಷ್ಟು ಗೋಗರೆದಿರ್ಲಿಲ್ಲ ಕಣೇ," ಅಂದ ತಾತ.

ಫೋನು ಮತ್ತೆ ಬಡಿದುಕೊಂಡಿತು. ಅದೇ ಗೊತ್ತಿಲ್ಲದ ನಂಬರು.

"ಥೂ, ಕಾರಿಗೆ ವಿಮೆ ಮಾರೋರು! ಬೆಳಗಿನಿಂದ ಇದು ನಾಲ್ಕನೇ ಸಲ," ಎಂದು ಮಾರೆನ್ ಕಟ್ ಮಾಡಹೋದಳು. ಹರಟೆಗೆ ಯಾರು ಸಿಕ್ಕರೂ ಬಿಡದ ತಾತ ಫೋನು ಕಸಿದು ಕಿವಿಗಿಟ್ಟುಕೊಂಡ.

"ಏನು, ಸೀಟು ಕೊಟ್ರಾ?"

ಮಾರೆನ್ ಕಿರುಚಿಕೊಂಡು ಕುರ್ಚಿ ಹತ್ತಿ ಕುಣಿಯತೊಡಗಿದಳು.

"ಹ್ಞೂಂ ತಾಯಿ, ಬಂದೇ ಬರ್ತಾಳೆ. ನಿಮಗೇ ಕಾಗದ ಬರೀತಾ ಕೂತಿದ್ಲು," ಅಂದ ತಾತ. "ಮೂರು ಸಲ ನಿಮ್ಮ ಫೋನ್ ಕಟ್ ಮಾಡಿದ್ದೂ ಇವಳೇ."