ಬೆಳಗಿನ ಕಪಾಟು

ಜ್ದಿಸ್ಲಾವಾ ಪಿಯಾನೋ ನುಡಿಸಿದ ಧ್ವನಿಮುದ್ರಣ ಒಂದೂ ಉಳಿದಿರಲಿಲ್ಲ. ಚಿತಾಗಾರದ ನೌಕರ ಮೂರನೇ ಸಲ ಅದನ್ನೇ ಕೇಳುತ್ತಿದ್ದ.

"ನಿಮ್ಮದೇ ಕ್ಯಾಸೆಟ್ ಇದ್ರೆ ಕೊಡಿ. ಇಲ್ಲಾಂದ್ರೆ ನಮ್ಮತ್ರ ಏಳು ಇವೆ, ಯಾವುದಾದ್ರೂ ಒಂದು ಹೇಳಿ."

"ಅಮ್ಮ ನುಡಿಸಿದ್ದೇ ಬೇಕಿತ್ತು," ಎಂದಳು ಮಗಳು ಯಿತ್ಕಾ. "ಸಂಗೀತಗಾರ ಹ್ರುಬೆಶ್ ಇಪ್ಪತ್ತು ವರ್ಷ ತುಂಬೋ ಮೊದಲು ಬರೆದಿದ್ದು. ಯಾರೂ ಮುಟ್ಟದೇ ಇದ್ದ ಹತ್ತೊಂಬತ್ತು ರಚನೆಗಳನ್ನ ಅಮ್ಮ ಪೂರ್ತಿ ನುಡಿಸಿದ್ಲು. ಅಳಿಸಿ ಹಾಕಿದೋರು ಅಲ್ಲಿ ಕೂತಿದ್ದಾರೆ, ಹೋಗಿ ಕೇಳಿ."

ಕೊನೆಯ ಸಾಲಿನಲ್ಲಿ ಕೈಚೀಲ ತಬ್ಬಿಕೊಂಡು ಕೂತಿದ್ದವಳು ವ್ಲಾಸ್ತಾ, ಸತ್ತವಳ ಅಕ್ಕ. ತಲೆ ಎತ್ತಲಿಲ್ಲ.

ಯಿತ್ಕಾಳ ಪಕ್ಕದಲ್ಲಿ ನಿಂತಿದ್ದ ಮೇಲಿನ ಮಹಡಿಯ ನೆರೆಯವಳು ಡ್ರಾಹಾ, "ಯಾವುದೋ ಒಂದು ಹಾಕಪ್ಪ," ಎಂದಳು.

*

ಇಪ್ಪತ್ತೊಂದು ವರ್ಷದ ಹಿಂದೆ ಡ್ರಾಹಾ ಊರಿನ ರೇಡಿಯೋದಲ್ಲಿ ಟೇಪು ಜೋಡಿಸುವ ಗುಮಾಸ್ತೆ. ಜ್ದಿಸ್ಲಾವಾ ನುಡಿಸಿದ್ದ ಸುರುಳಿಗಳ ಮೇಲೆ ಏನು ಬರೆಯಬೇಕೆಂದು ಸಂಪಾದಕ ಫೋನಿನಲ್ಲಿ ಹೇಳಿದ: ಹ್ರುಬೆಶ್, ಆರಂಭದ ರಚನೆಗಳು. ಚೆಕ್ ಭಾಷೆಯಲ್ಲಿ 'ಆರಂಭದ' ಅನ್ನುವುದಕ್ಕೂ 'ಬೆಳಗಿನ' ಅನ್ನುವುದಕ್ಕೂ ಕೇಳುವಾಗ ಹೆಚ್ಚು ಅಂತರವಿಲ್ಲ. ಬರೆಯುವಾಗ ಎರಡನೆಯದಕ್ಕೆ ಒಂದು 'ನ' ಹೆಚ್ಚು. ಇದೊಂದಕ್ಕೇ ಶಾಲೆಯಲ್ಲಿ ಮಕ್ಕಳು ಬೆರಳ ಗೆಣ್ಣಿಗೆ ಏಟು ತಿನ್ನುತ್ತಾರೆ. ಡ್ರಾಹಾಳೂ ತಿಂದಿದ್ದಳು. ಆದರೂ ಆ 'ನ' ಹಾಕಿದಳು.

ಉಗ್ರಾಣದವನು ಅದನ್ನು ಓದಿ ಸುರುಳಿಗಳನ್ನು ಬೆಳಗಿನ ವ್ಯಾಯಾಮದ ಕಪಾಟಿಗೆ ತಳ್ಳಿದ. ಟೇಪಿಗೆ ಬರಗಾಲ; ಆ ಕಪಾಟಿನವನ್ನು ವಾರವಾರವೂ ಅಳಿಸಿ ಮತ್ತೆ ಬಳಸುತ್ತಿದ್ದರು. ತಿಂಗಳ ಬಳಿಕ ತಾನು ನುಡಿಸಿದ್ದನ್ನು ಕೇಳಲು ಬಂದ ಜ್ದಿಸ್ಲಾವಾಳಿಗೆ ಯಂತ್ರದಿಂದ ಕೇಳಿಸಿದ್ದು ಗಂಡಸಿನ ದನಿ: "ಒಂದು, ಎರಡು, ಮಂಡಿ ಬಗ್ಗಿಸಿ!"

"ಇದು ವ್ಲಾಸ್ತಾಳದೇ ಕೆಲಸ," ಎಂದಳು ಅವಳು. ಅಕ್ಕ ರೇಡಿಯೋಗೂ ಆಜ್ಞೆ ಕೊಡುವ ಆಳುವ ಪಕ್ಷದ ಕಚೇರಿಯಲ್ಲಿದ್ದಳು. ಹಿಂದಿನ ವಾರವಷ್ಟೇ ಇಬ್ಬರಿಗೂ ಜಗಳವಾಗಿತ್ತು. ಪೆಟ್ಟಿಗೆಯ ಮೇಲಿನ ತನ್ನ ಅಕ್ಷರ ನೋಡಿದ ಡ್ರಾಹಾಳಿಗೆ ಎಲ್ಲ ಹೊಳೆಯಿತು. ನೌಕರಿ ಹೋದೀತೆಂದು ಬಾಯಿ ಬಿಡಲಿಲ್ಲ.

ಆಮೇಲೆ ಬಾಯಿ ಬಿಡದಿರುವುದೇ ಸಲೀಸಾಯಿತು. ಜ್ದಿಸ್ಲಾವಾ ಮತ್ತೆ ಸ್ಟುಡಿಯೋ ಮೆಟ್ಟಿಲು ಹತ್ತಲಿಲ್ಲ, ಶಾಲೆಯಲ್ಲಿ ಮಕ್ಕಳಿಗೆ ಸ್ವರ ಕಲಿಸುತ್ತಾ ಮುದುಕಿಯಾದಳು. ಡ್ರಾಹಾ ಅವಳ ಮನೆಯಿದ್ದ ಕಟ್ಟಡದ ಮೇಲಿನ ಮಹಡಿಗೆ ವಾಸಕ್ಕೆ ಬಂದಳು. ಭಾನುವಾರಗಳಲ್ಲಿ ಅವಳ ಮನೆಯಲ್ಲಿ ಸಾರು ಕುಡಿಯುತ್ತಾ, ಅಕ್ಕನಿಗೆ ಅವಳು ಹಾಕುವ ಶಾಪಕ್ಕೆ ತಲೆಯಾಡಿಸುತ್ತಿದ್ದಳು.

*

ಕ್ಯಾಸೆಟ್ಟಿನಲ್ಲಿ ಯಾರದೋ ಪಿಟೀಲು ಕೊಯ್ಯುತ್ತಿತ್ತು. ವ್ಲಾಸ್ತಾ ಎದ್ದು ಶವಪೆಟ್ಟಿಗೆಯತ್ತ ಬಂದಳು. ಯಿತ್ಕಾ ಅಡ್ಡ ನಿಂತಳು.

"ಇಲ್ಲಿಗೂ ಬಂದ್ರಾ ದೊಡ್ಡಮ್ಮ? ಇನ್ನೇನು ಅಳಿಸೋದಿದೆ?"

"ನಾನು ಮಾಡ್ಲಿಲ್ಲ ಕಣೇ. ವರ್ಷಕ್ಕೆ ಮೂರು ಕಾಗದ ಬರೆದೆ. ಒಡೀದೇ ವಾಪಸ್ ಕಳಿಸಿದ್ಲು ನಿಮ್ಮಮ್ಮ. ಇವನ್ನಾದ್ರೂ ಅವಳ ಜೊತೆ ಇಡೋಕೆ ಬಿಡು."

"ಇಡೋದೇನೂ ಬೇಡ. ಜಾಗ ಬಿಟ್ಟು ನಡೀರಿ!"

"ಅವಳನ್ನ ಬಿಡು ಯಿತ್ಕಾ," ಎಂದಳು ಡ್ರಾಹಾ. "ತಪ್ಪು ನಂದು. ಟೇಪಿನ ಹಣೆಪಟ್ಟಿ ಬರೆದಿದ್ದು ನಾನು. ಬೆಳಗಿನ ಅಂತ ಬರೆದುಬಿಟ್ಟೆ."

ಯಿತ್ಕಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ವ್ಲಾಸ್ತಾಳಿಗೆ ಹಿಡಿಯಲಿಲ್ಲ. ಕೆಟ್ಟದಾಗಿ ನಕ್ಕಳು.

"ಒಂದು 'ನ'ಗೋಸ್ಕರ?"

"ಹೇಳ್ಬೇಕು ಅಂತಿದ್ದೆ..."

"ಯಾವಾಗ ಹೇಳ್ಬೇಕು ಅಂತಿದ್ದೆ, ಮಹಾತಾಯಿ? ಅವಳು ಬೂದಿಯಾದ ಮೇಲಾ?" ಎಂದಳು ವ್ಲಾಸ್ತಾ.

ಯಿತ್ಕಾ ಬದಿಗೆ ಸರಿದಳು. ವ್ಲಾಸ್ತಾ ಚೀಲದಿಂದ ದಾರ ಕಟ್ಟಿದ ಕಾಗದಗಳ ಕಂತೆ ತೆಗೆಯುವಷ್ಟರಲ್ಲಿ ನೌಕರ ಗುಂಡಿ ಒತ್ತಿದ ಸದ್ದಾಯಿತು. ಪೆಟ್ಟಿಗೆ ಜಾರುತ್ತಾ ಒಳಗೆ ಹೋಯಿತು; ಪರದೆ ಮುಚ್ಚಿಕೊಂಡಿತು.

"ಇನ್ನು ಒಳಗೆ ಏನೂ ಹಾಕೋ ಹಾಗಿಲ್ಲ, ಅಮ್ಮಾ," ಎಂದ ನೌಕರ. "ಮುಂದಿನವರು ಹೊರಗೆ ಕಾಯ್ತಿದ್ದಾರೆ."

ಅಳಿಸಿಹೋದ ಪಿಯಾನೋ ರಚನೆಗಳು ಹತ್ತೊಂಬತ್ತು. ಒಡೆಯದ ಕಾಗದಗಳು ಅರವತ್ತಮೂರು. ತಂಗಿ ಒಬ್ಬಳು.