ಕಂಪ್ಯೂಟರಿನೊಳಗಿನ ಬೆಟ್ಟಮ್ಮ

ರಾಮನಾಥಪುರದ ಸುತ್ತ ಹೊಗೆಸೊಪ್ಪು ಹದ ಮಾಡುವುದರಲ್ಲಿ ನಂಜಪ್ಪನನ್ನು ಮೀರಿಸುವವನು ಹುಟ್ಟಿರಲಿಲ್ಲ. ಹುಟ್ಟಿದ್ದರೂ ನಂಜಪ್ಪನ ಬಾಯಿಗೆ ಹೆದರಿ ಊರು ಬಿಟ್ಟಿರಬೇಕು. ಸೊಪ್ಪು ಒಣಗಿಸುವ ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟರೆ ಸಾಕು, ಒಳಗಿನ ಶಾಖ ತಾನೇ ಬಂದು ವರದಿ ಒಪ್ಪಿಸುತ್ತಿತ್ತು. ಅಂಥವನು ಹಾಸನದ ಆಸ್ಪತ್ರೆಯಲ್ಲಿ ಹೆಂಡತಿ ಬೆಟ್ಟಮ್ಮನ ಮಂಚದ ಪಕ್ಕ ಇಲಿಮರಿಯಂತೆ ಕೂತಿದ್ದ.

ಬೆಟ್ಟಮ್ಮನ ಹೃದಯ ಸೋತಿತ್ತು. ನಿದ್ದೆಯಲ್ಲಿ ಉಸಿರು ಏರಿ ಏರಿ ಏದುಸಿರಾಗಿ, ಇಳಿದು ಇಳಿದು ನಿಂತೇಹೋಗುತ್ತಿತ್ತು. ಅರ್ಧ ನಿಮಿಷ, ನಂಜಪ್ಪನಿಗೆ ಅರ್ಧ ಯುಗ. ಮತ್ತೆ ಶುರು. ಸಂಜೆಯೊಳಗೆ ಹದಕ್ಕೆ ಬರದಿದ್ದರೆ ಗಂಟಲಿಗೆ ನಳಿಗೆ ಇಳಿಸಿ ಯಂತ್ರದಿಂದ ಉಸಿರಾಡಿಸಬೇಕು ಎಂದಿದ್ದರು ಡಾಕ್ಟರ್ ಪ್ರಿಯಂವದಾ.

ಮಂಚದ ಪಕ್ಕದ ಕಂಪ್ಯೂಟರಿನಲ್ಲಿ ಇನ್ನೊಬ್ಬ ಬೆಟ್ಟಮ್ಮ ಇದ್ದಳು. ಇವಳದೇ ನಾಡಿ, ಇವಳದೇ ರಕ್ತದೊತ್ತಡ, ಇವಳದೇ ಉಸಿರು, ಎಲ್ಲ ಗಣಿತವಾಗಿ. ಯಾವ ಔಷಧಿಯಾದರೂ ಮೊದಲು ಆ ಬೆಟ್ಟಮ್ಮನಿಗೆ, ಆಮೇಲೆ ಈ ಬೆಟ್ಟಮ್ಮನಿಗೆ.

ಮಧ್ಯಾಹ್ನ ಡಾಕ್ಟರ್ ಹುಬ್ಬು ಗಂಟಿಕ್ಕಿದರು. "ಔಷಧಿ ಕೊಟ್ಟಮೇಲೆ ಕಂಪ್ಯೂಟರಿನ ಬೆಟ್ಟಮ್ಮ ಸಮವಾಗಿ ಉಸಿರಾಡ್ತಿದ್ದಾರೆ. ಇವರು ಮಾತ್ರ ಪ್ರತಿ ಸಲ ಬೆಚ್ಚಿಬಿದ್ದು ಏದ್ತಾರಲ್ಲ, ಯಾಕೆ?"

ನಂಜಪ್ಪ ಪಂಚೆಯ ಅಂಚು ಹಿಂಡಿದ. "ಉಸ್ರು ನಿಂತೇಟ್ಗೆ ನಾನೇ ಬುಜ ಹಿಡ್ದು ಅಲ್ಲಾಡುಸ್ತಿದ್ದೆ ಕಣವ್ವಾ. ಬೆಂಕಿ ಆರೋದ್ರೆ ಸೊಪ್ಪು ಕೆಡ್ತದಲ್ಲ..."

"ಎಷ್ಟು ಸಲ?"

"ಏನೋ, ಒಂದ್ ಸಾವ್ರ."

ಡಾಕ್ಟರ್ ರೇಗಲಿಲ್ಲ. "ಹೃದಯ ನಿಧಾನವಾದಾಗ ಶ್ವಾಸಕೋಶದ ಸುದ್ದಿ ರಕ್ತದ ಜೊತೆ ಮಿದುಳಿಗೆ ತಡವಾಗಿ ಮುಟ್ಟುತ್ತೆ. ಮುಟ್ಟೋ ಹೊತ್ತಿಗೆ ಉಸಿರು ಅತಿಯಾಗಿರುತ್ತೆ. ಮಿದುಳು ನಿಲ್ಲಿಸು ಅನ್ನುತ್ತೆ. ನೀವು ಎಬ್ಬಿಸಿದ್ರೆ ಇನ್ನೂ ಜೋರಾಗಿ ಏದ್ತಾರೆ, ಆಮೇಲೆ ಉಸಿರು ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತೆ."

"ಅಯ್, ನನ್ ಮುಸುಡಿಗಿಷ್ಟು! ಸೌದೆ ಆಕಿದ್ ಶಾಖ ಮ್ಯಾಲಕ್ ಮುಟ್ಟಕ್ಕೆ ವತ್ತು ಬೇಕು. ವಸಿ ವತ್ತೂ ಕಾಯ್ದೇನೇ ಸೌದೆ ತುರುಕೋರಿಗೆ ನಾನೇ ಉಗೀತಿದ್ದೆ!"

"ಹಾಗಾದ್ರೆ ಕಾಯಿರಿ. ನಾವೂ ನೋಡ್ತಿರ್ತೀವಿ."

ನಂಜಪ್ಪ ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡ. ಬೆಟ್ಟಮ್ಮನ ಉಸಿರು ನಿಂತಿತು. ಅವನ ಎದೆಬಡಿತ ಅರಕಲಗೂಡಿನವರೆಗೂ ಕೇಳಿರಬೇಕು. ಕೈ ಮಾತ್ರ ಕದಲಲಿಲ್ಲ. ಉಸಿರು ತಾನಾಗಿ ಮರಳಿತು. ಮುಂದಿನ ಸಲದ ಬಿಡುವು ಚಿಕ್ಕದಾಯಿತು. ನಾಲ್ಕು ಗಂಟೆಗೆ ಪರದೆಯ ಮೇಲೆ ಇಬ್ಬರು ಬೆಟ್ಟಮ್ಮಂದಿರ ಗೆರೆಗಳು ಒಂದೇ ನೊಗದ ಎತ್ತುಗಳಂತೆ ಸಾಗಿದವು.

"ನಳಿಗೆ ಬೇಡ," ಎಂದರು ಡಾಕ್ಟರ್.

ಅಷ್ಟರಲ್ಲಿ ಬೆಟ್ಟಮ್ಮ ಕಣ್ಣು ಬಿಟ್ಟಳು. "ಇದ್ಯಾಕಿಂಗೆ ಕುಂತಿದೀರಿ? ಉಂಡ್ರಾ?"

ನಂಜಪ್ಪ ತೊಡೆಯಡಿಯ ಕೈ ಬಿಡಿಸಿಕೊಂಡು ಡಾಕ್ಟರಿಗೆ ಕೈ ಮುಗಿದ. ಕಣ್ಣೊರೆಸಿಕೊಂಡು ಕಂಪ್ಯೂಟರಿನತ್ತ ತಿರುಗಿ ಅದಕ್ಕೂ ಮುಗಿದ.

"ನಿನ್ ಉಪ್ಕಾರಾನೂ ಮರೆಯಕಿಲ್ಲ ಕಣವ್ವಾ," ಎಂದ. "ಕಯ್ಯೋ ಸಿಯ್ಯೋ, ಎಲ್ಲಾ ಔಸ್ದೀನೂ ಇವ್ಳಿಗಿಂತ ಮುಂಚೆ ನೀನೇ ಕುಡುದ್ಬುಟ್ಟೆ."