ಅಣ್ಣನ ಕುರ್ಚಿಗೆ ಬಂದ ಗಿರಾಕಿ

ಇದನ್ನು ಹೇಳಹೊರಟಿದ್ದೇ ಅಧಿಕಪ್ರಸಂಗವೇನೋ. ಬ್ಯಾಂಕಿನ ಒಳಗುಟ್ಟು ಬಲ್ಲವರೂ ಸತ್ತವರ ವಿಚಾರ ಬಲ್ಲವರೂ ತಪ್ಪಿದ್ದರೆ ಮನ್ನಿಸಬೇಕು.

ಅಣ್ಣತಮ್ಮಂದಿರ ಒಂದು ಕಟಿಂಗ್ ಶಾಪಿನಲ್ಲಿ ಎರಡು ಕುರ್ಚಿಗಳಿದ್ದವು. ಬಾಗಿಲ ಬಳಿಯದು ತಮ್ಮನದು, ಒಳಗಿನದು ಅಣ್ಣನದು. ಗಿರಾಕಿಗಳಿಲ್ಲದಾಗ ಅಣ್ಣ ಹೆಗಲ ಮೇಲೆ ಟವಲು ಹಾಕಿಕೊಂಡು ಅದರಲ್ಲೇ ಕೂತು ತೂಕಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಅಲ್ಲಿ ಯಾರೂ ಕೂರಲಿಲ್ಲ. ಆದರೂ ತಮ್ಮ ಕತ್ತರಿ ಆಡಿಸುತ್ತಾ ಕನ್ನಡಿಯತ್ತ ಕಣ್ಣು ಹಾಯಿಸಿದಾಗಲೆಲ್ಲ, ಯಾರೋ ಈಗಷ್ಟೇ ಎದ್ದುಹೋದ ಹಾಗೆ ಆ ಕುರ್ಚಿ ಸ್ವಲ್ಪ ತಿರುಗಿರುತ್ತಿತ್ತು. ನೆಟ್ಟಗೆ ಮಾಡುತ್ತಿದ್ದ. ಮತ್ತೆ ತಿರುಗಿರುತ್ತಿತ್ತು. ಕೊನೆಗೆ ಸಾಕಾಗಿ, ಫೋಟೋ ತೆಗೆದು ಹಳೆ ಸಾಮಾನು ಮಾರುವ ಆ್ಯಪಿಗೆ ಹಾಕಿದ.

ಸಂಜೆಯೊಳಗೆ ಫೋನು ಬಂತು. “ಚೌಕಾಸಿ ಮಾಡಲ್ಲ ಅಣ್ಣಾ, ಚೆಕ್ ಕಳಿಸ್ತೀನಿ” ಎಂದಿತು ಒಂದು ಮೆತ್ತನೆಯ ದನಿ. ಬಂದ ಚೆಕ್ಕಿನಲ್ಲಿ ಹೇಳಿದ ಬೆಲೆಯ ಎರಡರಷ್ಟು ಹಣ! ತಮ್ಮ ಫೋನು ಮಾಡಿ ಕೇಳಿದ.

“ಅಯ್ಯೋ, ನಮ್ಮ ಆಫೀಸಿನವರು ಲಾರಿ ಬಾಡಿಗೆನೂ ಸೇರಿಸಿ ಬರೆದ್ಬಿಟ್ಟಿದ್ದಾರೆ. ದುಡ್ಡು ಬಿದ್ದ ತಕ್ಷಣ ಮಿಕ್ಕಿದ್ದನ್ನ ಲಾರಿಯವನ ಖಾತೆಗೆ ಹಾಕಿ. ಅವತ್ತೇ ಬಂದು ಕುರ್ಚಿ ಎತ್ಕೊಂಡು ಹೋಗ್ತಾನೆ.”

ಅವತ್ತೇ! ತಮ್ಮನ ಕಿವಿಗೆ ಬಿದ್ದದ್ದು ಅದೊಂದೇ ಮಾತು. ಚೆಕ್ ಕಟ್ಟಿದ. ಖಾತೆಯಲ್ಲಿ ಹಣ ಕಂಡದ್ದೇ ತಡ, ಬ್ಯಾಂಕಿಗೆ ಓಡಿದ.

ಕೌಂಟರಿನಲ್ಲಿದ್ದ ಬೋಳುತಲೆಯ ಕ್ಯಾಶಿಯರ್ ಅಣ್ಣನ ಹಳೆಯ ಗಿರಾಕಿ. ವಿಷಯವನ್ನೆಲ್ಲ ಕೇಳಿಸಿಕೊಂಡ.

“ಯಾರಯ್ಯಾ ಈ ಲಾರಿಯವ? ನೋಡಿದ್ದೀಯಾ?”

“ಇಲ್ಲ ಸಾರ್.”

“ಕುರ್ಚಿ ಕೊಳ್ಳೋನನ್ನ?”

“ಅವನನ್ನೂ ಇಲ್ಲ. ದುಡ್ಡು ಬಂದಿದೆಯಲ್ಲ ಸಾರ್, ಕಾಣ್ತಿದೆ.”

“ಕಾಣ್ತಿದೆ ಅಷ್ಟೇ, ಬಂದಿಲ್ಲಪ್ಪಾ. ಆ ಕಡೆ ಬ್ಯಾಂಕು ಹೂಂ ಅನ್ನೋವರೆಗೂ ಅದು ಬರೀ ನೆರಳು. ಚೆಕ್ ಖೋಟಾ ಅಂತಾದ್ರೆ ಮಾಯ ಆಗುತ್ತೆ. ನೀನು ಲಾರಿಯವನಿಗೆ ಕಳಿಸಿರ್ತೀಯಲ್ಲ, ಅದು ಮಾತ್ರ ನಿನ್ನ ಸ್ವಂತದ್ದು.”

“ಹೋದ್ರೆ ಹೋಗ್ಲಿ ಸಾರ್. ಆ ಕುರ್ಚಿ ನನ್ನ ಕಣ್ಣ ಮುಂದಿಂದ ಹೋದ್ರೆ ಸಾಕು.”

“ಹೋಗ್ಲಿ ಅನ್ನೋಕೆ ಇದೇನು ನಿನ್ನೊಬ್ಬನದಾ? ಈ ಅಂಗಡಿ ಖಾತೇಲಿ ನಿಮ್ಮತ್ತಿಗೆ ಪಾಲೂ ಇದೆ. ನನ್ನ ತಲೇಲಿ ಉಳಿದಿರೋ ನಾಲ್ಕು ಕೂದಲನ್ನ ಅಷ್ಟು ವರ್ಷ ಕಾದವನು ನಿಮ್ಮಣ್ಣ. ಅವನ ಹೆಂಡ್ತಿ ದುಡ್ಡನ್ನ ನಾನು ಕಾಯಬಾರ್ದೇನೋ?”

ಅತ್ತಿಗೆ ಎಂದದ್ದೇ ತಮ್ಮನ ಕೈ ಹಿಂದೆ ಸರಿಯಿತು. ಹಣ ಕಳಿಸದೆ ಅಂಗಡಿಗೆ ಮರಳಿದ.

ಸಂಜೆ ಮತ್ತೆ ಫೋನು.

“ಬ್ಯಾಂಕಿನವರು ತಡೆದ್ರು” ಎಂದ ತಮ್ಮ. ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ.

“ಇರ್ಲಿ ಬಿಡಿ” ಎಂದಿತು ಮೆತ್ತನೆಯ ದನಿ. “ಒಂದು ಮಾತು ಕೇಳ್ಲಾ ಅಣ್ಣಾ? ಆ ಫೋಟೋದಲ್ಲಿ ಕುರ್ಚಿ ಮೇಲೆ ಕೂತಿರೋರು ಯಾರು? ಹೆಗಲ ಮೇಲೆ ಟವಲ್ ಹಾಕ್ಕೊಂಡಿದ್ದಾರಲ್ಲ, ಅವರು.”

ಫೋನು ಕಟ್ಟಾಯಿತು. ಆ ನಂಬರು ಮತ್ತೆಂದೂ ಹತ್ತಲಿಲ್ಲ.

ತಮ್ಮ ಫೋಟೋ ತೆರೆದು ನೋಡಿದ. ಖಾಲಿ ಕುರ್ಚಿ, ಸ್ವಲ್ಪ ತಿರುಗಿತ್ತು, ಅಷ್ಟೇ. ಅತ್ತಿಗೆಗೆ ತೋರಿಸೋಣವೆಂದುಕೊಂಡ, ಧೈರ್ಯ ಬರಲಿಲ್ಲ.

ಚೆಕ್ ಖೋಟಾ ಎಂದು ವಾಪಸು ಬಂತು. ಖಾತೆಯಲ್ಲಿ ಕಂಡ ಹಣ ಮಾಯವಾಯಿತು. ಅತ್ತಿಗೆಯ ಹಣ ಉಳಿಯಿತು. ಕುರ್ಚಿಯೂ ಉಳಿಯಿತು. ಅದನ್ನು ನೆಟ್ಟಗೆ ಮಾಡುವುದನ್ನು ತಮ್ಮ ಬಿಟ್ಟಿದ್ದಾನೆ.

ಆ ಗಿರಾಕಿಯ ಬಾಯಿಂದ ಬಂದ ಆಫೀಸು, ಲಾರಿ, ಬಾಡಿಗೆ ಎಲ್ಲವೂ ಸುಳ್ಳು. ಕೊನೆಗೆ ಕೇಳಿದ್ದೂ ಸುಳ್ಳೇ ಇರಬೇಕು. ಇರಬೇಕು ಎನ್ನಬಹುದು, ಅಷ್ಟೇ. ಗೊತ್ತಿಲ್ಲ.